ಸಸಿ ನೆಡುವ ಮುಂಚೆ ಬೊಡ್ಡೆ ಹುಡುಕಿ

ಮರ ಬೆಳೆಸಬೇಕು ಅಂದ ತಕ್ಷಣ ನರ್ಸರಿಗೆ ಓಡುತ್ತೇವೆ ಅಲ್ವಾ? ಪಶ್ಚಿಮ ಆಫ್ರಿಕಾದ ನೈಜರ್‌ನಲ್ಲೂ ಹಾಗೇ ಆಗಿತ್ತು. ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಒಣಗಿದವು, ಇಲ್ಲವೇ ಮೇಕೆ ಪಾಲಾದವು. 1983ರಲ್ಲಿ ಮರಾಡಿ ಸೀಮೆಯಲ್ಲಿದ್ದ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ಹೊಲದ ಪೊದೆಯೊಂದನ್ನು ಬಗ್ಗಿ ನೋಡಿದರು. ಅದು ಪೊದೆಯಲ್ಲ, ಹಿಂದೆ ಕಡಿದ ಮರದ ಚಿಗುರು. ಬೇರಿಗೆ ಇನ್ನೂ ಜೀವ ಇತ್ತು. ಅಲ್ಲಿನ ರೈತರು ಆಮೇಲೆ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಹೀಗೇ ಮರ ಎಬ್ಬಿಸಿದರು. ಅವರ ಕ್ರಮ ಇದು.

ಮೊದಲು, ಸಜ್ಜೆ ಬಿತ್ತನೆಗೆ ಹೊಲ ಹಸನು ಮಾಡುವ ಮುಂಚೆಯೇ ಸುತ್ತು ಹಾಕಿ. ಚಿಗುರಿದ ಬೊಡ್ಡೆಗಳನ್ನು ಗುರುತು ಮಾಡಿ. ಇಷ್ಟೇ.

ಎರಡನೆಯದು ಚಿಗುರು ಆರಿಸೋದು. ಜನ ಎಡವೋದೇ ಇಲ್ಲಿ. ಒಂದು ಬೊಡ್ಡೆಯಲ್ಲಿ ಇಪ್ಪತ್ತು ಮೂವತ್ತು ಚಿಗುರು ಇರಬಹುದು. ಎಲ್ಲ ಬಿಟ್ಟರೆ ಪೊದೆ ಪೊದೆಯಾಗೇ ಉಳಿಯುತ್ತದೆ. ನೆಟ್ಟಗೆ, ಎತ್ತರವಾಗಿ, ದಪ್ಪಗಿರುವ ಮೂರರಿಂದ ಐದು ಸಾಕು. ಒಂದನ್ನೇ ಬಿಡುವವರಿದ್ದಾರೆ. ನನಗದು ಸರಿ ಕಾಣದು. ಗಾಳಿಗೆ ಅದು ಮುರಿದರೆ ಮತ್ತೆ ಮೊದಲಿಂದ ಶುರು. ಉಳಿಸುವ ಚಿಗುರಿಗೆ ಮೊದಲೇ ಬಟ್ಟೆ ಚೂರು ಕಟ್ಟಿ. ಇಲ್ಲದಿದ್ದರೆ ಮಚ್ಚು ಬೀಸುವ ಭರದಲ್ಲಿ ಒಳ್ಳೆಯದೇ ಹೋಗುತ್ತದೆ.

ಉಳಿದವನ್ನು ಬುಡಕ್ಕೆ ಕತ್ತರಿಸಿ. ಆರಿಸಿದ ಚಿಗುರುಗಳ ಕೆಳಗಿನ ಅರ್ಧದಷ್ಟು ಎತ್ತರದವರೆಗೆ ಪಕ್ಕದ ರೆಂಬೆ ಸವರಿ, ಅದಕ್ಕಿಂತ ಮೇಲೆ ಹೋಗಬೇಡಿ. ಅಲಗು ಹರಿತವಾಗಿರಲಿ, ಏಟು ಕೆಳಗಿನಿಂದ ಮೇಲಕ್ಕೆ ಬೀಳಲಿ. ಮೇಲಿಂದ ಕೆಳಕ್ಕೆ ಹೊಡೆದರೆ ರೆಂಬೆ ಜೋತುಬಿದ್ದು ಕಾಂಡದ ತೊಗಟೆಯನ್ನೂ ಉದ್ದಕ್ಕೆ ಸೀಳಿಕೊಂಡು ಬರುತ್ತದೆ. ಆ ಗಾಯದಲ್ಲಿ ಹುಳ ಸೇರುತ್ತದೆ. ಸಂತೆಯ ಅಗ್ಗದ ಮಚ್ಚಿನ ಕತೆಯೂ ಇದೇ, ಕತ್ತರಿಸುವ ಬದಲು ಜಜ್ಜುತ್ತದೆ. ಕೈಯಲ್ಲಿ ಕೀಳೋದಂತೂ ಬೇಡವೇ ಬೇಡ.

ಸವರಿದ ಎಲೆ ಅಲ್ಲೇ ಬಿದ್ದಿರಲಿ, ಕಡ್ಡಿ ಒಲೆಗಾಗುತ್ತದೆ.

ಎರಡು ಮೂರು ತಿಂಗಳಿಗೊಮ್ಮೆ ಬಂದು ಬುಡದ ಹೊಸ ಚಿಗುರು ತೆಗೆಯುತ್ತಿರಿ. ಸೌದೆ ಬೇಕಾದರೆ ಬಲಿತ ಒಂದನ್ನು ಕಡಿದು, ಅದರ ಜಾಗಕ್ಕೆ ಹೊಸದೊಂದನ್ನು ಬಿಡಿ. ಊರಿನವರ ಜೊತೆ ಮಾತಾಡಿಯೇ ಕೈಹಾಕಿ. ಇಲ್ಲದಿದ್ದರೆ ನಿಮ್ಮ ಚಿಗುರು ಪಕ್ಕದವರಿಗೆ ಪುಕ್ಕಟೆ ಸೌದೆ.

ಮರದ ನೆರಳಿಗೆ ಬೆಳೆ ಸೊರಗುತ್ತದೆ ಅನ್ನೋ ಭಯವೇ? ಹಾಗಾದರೆ ನೈಜರ್‌ನಲ್ಲಿ ಹೌಸಾ ಭಾಷೆ ಮಾತಾಡುವವರು ಗಾವೊ ಅನ್ನುವ, ಜಾಲಿ ಬಳಗದ ಮರವನ್ನು (ಫೈಡರ್ಬಿಯಾ ಆಲ್ಬಿಡಾ) ಮೊದಲು ಉಳಿಸಿ. ಮಳೆಗಾಲದಲ್ಲಿ ಸಜ್ಜೆ ಏಳುವ ಹೊತ್ತಿಗೆ ಅದು ಎಲೆ ಉದುರಿಸಿ ಬೋಳಾಗಿರುತ್ತದೆ.