ಆ್ಯಪ್‌ಗೆ ಜೋಳದ ರೊಟ್ಟಿ ಸೇರಿಸುವ ಮುಂಚೆ

ಹುಬ್ಬಳ್ಳಿ-ಧಾರವಾಡದ ಗೆಳೆಯರೇ, ಕ್ಯಾಲೊರಿ ಲೆಕ್ಕದ ಎಷ್ಟೋ ಆ್ಯಪ್‌ಗಳಲ್ಲಿ ನಮ್ಮ ಕಡೆಯ ಊಟದ ವಿವರ ತುಂಬುವವರು ನಮ್ಮಂಥ ಬಳಕೆದಾರರೇ. ಒಬ್ಬರು ತಪ್ಪು ಹಾಕಿದರೆ ಶುಗರ್ ಇರುವವರೂ ಅದನ್ನೇ ನಂಬುತ್ತಾರೆ, ಅಲ್ವಾ?

‘ಒಂದು ರೊಟ್ಟಿ’ ಅಂತ ಸುಮ್ನೆ ಬರೆಯಬೇಡಿ. ಖಾನಾವಳಿಯ ರೊಟ್ಟಿಯ ಅಳತೆ ಬೇರೆ, ಮನೆಯದು ಬೇರೆ. ಕಟಕ ರೊಟ್ಟಿಯಲ್ಲಿ ನೀರಿನಂಶ ಆರಿರುತ್ತದೆ. ಹಾಗಾಗಿ 100 ಗ್ರಾಂ ಲೆಕ್ಕಕ್ಕೆ ಬಿಸಿ ರೊಟ್ಟಿಗಿಂತ ಅದರಲ್ಲೇ ಕ್ಯಾಲೊರಿ ಜಾಸ್ತಿ. ಎರಡನ್ನೂ ಬೇರೆಬೇರೆಯಾಗಿ ಸೇರಿಸಿ. ಒಣ ಹಿಟ್ಟು ತೂಗಿ, ಆದ ರೊಟ್ಟಿಗಳಿಗೆ ಹಂಚಿ ಲೆಕ್ಕ ಹಾಕುವುದು ನನಗೆ ಹೆಚ್ಚು ನಂಬಿಕೆಯ ದಾರಿ.

ಹಿಟ್ಟಿನ ಅಂಕಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ನೋಡಿ. ಅಲ್ಲಿ ಶಕ್ತಿ ಕಿಲೋಜೂಲ್‌ನಲ್ಲಿದೆ, 4.184ರಿಂದ ಭಾಗಿಸಬೇಕು. 100 ಗ್ರಾಂ ಜೋಳಕ್ಕೆ ಸುಮಾರು 334 ಕಿಲೋಕ್ಯಾಲೊರಿ ಬರುತ್ತದೆ. ಭಾಗಿಸದೆ ಹಾಕಿದರೆ ನಾಲ್ಕು ಪಟ್ಟು ತಪ್ಪು!

ಶೇಂಗಾ ಚಟ್ನಿ, ಪೇಡೆ ಯಾವುದೇ ಇರಲಿ, ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಗ್ರಾಂಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿಸಿ. ಒಟ್ಟು ಕ್ಯಾಲೊರಿಯ ಹತ್ತಿರ ಬರದಿದ್ದರೆ ಎಲ್ಲೋ ತಪ್ಪಿದೆ. ಮೊದಲೇ ಇರುವ ನಮೂದು ತಪ್ಪಾಗಿದ್ದರೆ ಅದನ್ನೇ ತಿದ್ದಿ, ಇಲ್ಲವೇ ವರದಿ ಮಾಡಿ. ಅದೇ ಹೆಸರಲ್ಲಿ ಇನ್ನೊಂದು ಸೇರಿಸಬೇಡಿ.