ಮೋಟಾರು ಮನೆಯಲ್ಲಿ ಹಳೇ ನೋಕಿಯಾ 1100: ನನ್ನ ಅನುಭವ

ಹಳೇ ನೋಕಿಯಾ 1100 ಫೋನಿನಿಂದ ಬೋರಿನ ಮೋಟಾರು ಆನ್ ಆಫ್ ಮಾಡುತ್ತೇನೆ ಅಂದಾಗ ನಮ್ಮೂರಲ್ಲಿ ಯಾರೂ ನಂಬಲಿಲ್ಲ. "ಗುಜರಿಗೆ ಹಾಕೋ ಫೋನಲ್ಲಿ ಹತ್ತು ಎಚ್‌ಪಿ ಮೋಟಾರು ಎದ್ದೇಳ್ತದಾ ಅಣ್ಣ?" ಅಂತ ಪಕ್ಕದ ತೋಟದವರು ಕೇಳಿದರು. ಮೋಟಾರು ಕಟ್ಟುವ ಹುಡುಗ ಕೂಡ "ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡಣ್ಣ" ಅಂದ. ಈಗ ಮೂರು ವರ್ಷದ ಮೇಲಾಯಿತು. ಅದೇ ಫೋನು ಪ್ಯಾನೆಲ್ ಬೋರ್ಡ್ ಪಕ್ಕದಲ್ಲಿ ನೇತಾಡುತ್ತಾ ಕೆಲಸ ಮಾಡುತ್ತಿದೆ. ಕೇಳಿದವರೇ ಬಂದು ತಮ್ಮ ತೋಟಕ್ಕೂ ಮಾಡಿಸಿಕೊಂಡು ಹೋಗಿದ್ದಾರೆ.

ನಮ್ಮದು ಕೋಲಾರ ತಾಲ್ಲೂಕು, ವೇಮಗಲ್ ಕಡೆ. ಟೊಮೇಟೊ, ಸ್ವಲ್ಪ ಹಿಪ್ಪುನೇರಳೆ. ಬೋರು ಸಾವಿರದ ಇನ್ನೂರು ಅಡಿ ಚಿಲ್ಲರೆ. ನೀರು ಒಂದೂವರೆ ಇಂಚು, ಅದೂ ಮೊದಲ ಒಂದು ಗಂಟೆ ಮಾತ್ರ. ಆಮೇಲೆ ನೀರು ಮುಗಿದು ಗಾಳಿ ಹೊಡೆಯುತ್ತದೆ. ತ್ರೀ ಫೇಸ್ ಕರೆಂಟ್ ಹಗಲು ಸ್ವಲ್ಪ, ರಾತ್ರಿ ಸ್ವಲ್ಪ. ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಮೋಟಾರು ಆನ್ ಮಾಡಬೇಕು, ನೀರು ಮುಗಿದ ಕೂಡಲೇ ನಿಲ್ಲಿಸಬೇಕು.

ಮೊದಲು ಆಟೋ ಸ್ಟಾರ್ಟರ್ ಹಾಕಿಸಿದ್ದೆ. ಕರೆಂಟ್ ಬಂದ ತಕ್ಷಣ ಮೋಟಾರು ತಾನಾಗಿ ಎದ್ದುಬಿಡುತ್ತದೆ. ನೀರು ಚೆನ್ನಾಗಿರುವ ಬೋರಿಗೆ ಅದು ಸರಿ, ನಮ್ಮಂಥ ಬೋರಿಗೆ ಅಲ್ಲ. ಒಂದು ರಾತ್ರಿ ನೀರಿಲ್ಲದೆ ಓಡಿ ವೈಂಡಿಂಗ್ ಸುಟ್ಟಿತು. ಮೋಟಾರನ್ನು ಬೋರಿನಿಂದ ಎತ್ತಿ ಇಳಿಸಲು ಹದಿನೈದು ಸಾವಿರದ ಹತ್ತಿರ, ರಿವೈಂಡಿಂಗಿಗೆ ಹತ್ತು ಸಾವಿರ ಚಿಲ್ಲರೆ, ಮೇಲೆ ಕೇಬಲ್ ಜಾಯಿಂಟು, ಕೂಲಿ. ಆ ಸಲ ಕೋಲಾರ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸಿಗೆ ಇನ್ನೂರು ರೂಪಾಯಿ ಕೂಡ ಸಿಗುತ್ತಿರಲಿಲ್ಲ. ಆಮೇಲೆ ರೆಡಿಮೇಡ್ ಮೊಬೈಲ್ ಸ್ಟಾರ್ಟರ್ ಡಬ್ಬಿ ತಂದೆ, ನಾಲ್ಕೂವರೆ ಸಾವಿರ. ಮೊದಲ ಮುಂಗಾರಿನ ಸಿಡಿಲಿಗೇ ಹೋಯಿತು. ರಿಪೇರಿಗೆ ಕಳಿಸಿದರೆ ಬೋರ್ಡೇ ಬದಲಾಯಿಸಬೇಕು ಅಂದರು, ಮತ್ತೆ ಎರಡು ಸಾವಿರದ ಮೇಲೆ ಕೇಳಿದರು. ಇನ್ನೊಂದು ಕಂಪನಿಯದು ಆ್ಯಪ್ ಇಲ್ಲದೆ ನಡೆಯುತ್ತಿರಲಿಲ್ಲ. ನಮ್ಮ ಮೋಟಾರು ಮನೆ ಇರುವುದು ತಗ್ಗಿನಲ್ಲಿ. ಅಲ್ಲಿ 4ಜಿ ಬರುವುದೇ ಇಲ್ಲ.

1100 ಇಲ್ಲೇ ಗೆದ್ದಿತು. ನನ್ನ ಸ್ಮಾರ್ಟ್‌ಫೋನು ಸಿಗ್ನಲ್ ಇಲ್ಲ ಅನ್ನುವ ಜಾಗದಲ್ಲಿ ಅದು ಎರಡು ಕಡ್ಡಿ ತೋರಿಸಿತು. ಅದು 900 ಮೆಗಾಹರ್ಟ್ಜ್‌ನಲ್ಲೂ ಕೆಲಸ ಮಾಡುವ 2ಜಿ ಫೋನು. ಫ್ರೀಕ್ವೆನ್ಸಿ ಕಡಿಮೆ ಇದ್ದರೆ ಸಿಗ್ನಲ್ ದೂರ ಹೋಗುತ್ತದೆ, ತಗ್ಗಿಗೂ ಇಳಿಯುತ್ತದೆ. 2003ರಲ್ಲಿ ಬಂದ ಫೋನು, ಪ್ರಪಂಚದಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾಗಿದೆ. ನಮ್ಮಂಥ ಕಡೆಯ ಧೂಳು, ಬೆವರು ನೋಡಿಯೇ ಮಾಡಿದ್ದು. ಕೀಪ್ಯಾಡಿನ ಮೇಲೆ ಒಂದೇ ರಬ್ಬರ್ ಹಾಳೆ ಇರುವುದರಿಂದ ಧೂಳು ಒಳಗೆ ಇಳಿಯುವುದಿಲ್ಲ. ಕ್ಯಾಮೆರಾ ಇಲ್ಲ, ಬ್ಲೂಟೂತ್ ಇಲ್ಲ, ಇಂಟರ್ನೆಟ್ ಇಲ್ಲ. ಮನೆಯಲ್ಲಿ ಬಳಸುವವರಿಗೆ ಇದು ಕೊರತೆ. ಮೋಟಾರು ಮನೆಯಲ್ಲಿ ಇದೇ ಲಾಭ, ಯಾಕೆಂದರೆ ಹ್ಯಾಂಗ್ ಆಗಲು ಅದರಲ್ಲಿ ಏನೂ ಇಲ್ಲ. ಬ್ಯಾಟರಿ ಬರೀ 850 ಎಂಎಎಚ್, ಆದರೂ ಕರೆಂಟ್ ಇಲ್ಲದೆ ವಾರದ ಹತ್ತಿರ ಎಳೆಯುತ್ತದೆ. ಟಾರ್ಚ್ ಬೇರೆ ಇದೆ. ರಾತ್ರಿ ಫ್ಯೂಸ್ ಹಾಕುವಾಗ ಅದರ ಬೆಲೆ ಗೊತ್ತಾಗುತ್ತದೆ.

ನಾನು ತಂದಾಗ ಕೋಲಾರದ ರಿಪೇರಿ ಅಂಗಡಿಯಲ್ಲಿ ನಾನೂರು ರೂಪಾಯಿ. ಈಗ ಸಾವಿರದ ಮೇಲೆ ಕೇಳುತ್ತಾರೆ, ಅದರಲ್ಲೂ ಬಾಡಿ ಬದಲಾಯಿಸಿದ್ದೇ ಜಾಸ್ತಿ. ಬಾಡಿ ನೋಡಿ ಮೋಸ ಹೋಗಬೇಡಿ. ಹೆಡ್‌ಸೆಟ್ ಚುಚ್ಚಿ ನೋಡಿ. ಆ ಸಾಕೆಟ್ ಸಡಿಲ ಇದ್ದರೆ ಫೋನು ಹೊಸದರಂತೆ ಹೊಳೆಯುತ್ತಿದ್ದರೂ ಬಿಟ್ಟು ಬನ್ನಿ.

ಜೋಡಿಸಿದ್ದು ಹೀಗೆ. ನಾನು ಕರೆ ಮಾಡಿ ಒತ್ತುವ ನಂಬರಿನ ಟೋನ್ ಈ ಫೋನಿನಿಂದ ಬೋರ್ಡಿಗೆ ಹೋಗಬೇಕು. ಹೆಡ್‌ಸೆಟ್ ವೈರ್ ಕತ್ತರಿಸಿ ಸ್ಪೀಕರ್ ತಂತಿಯನ್ನು, ಟೋನ್ ಕೇಳಿ ಯಾವ ನಂಬರು ಅಂತ ಗುರುತಿಸುವ ಎಂಟಿ8870 ಬೋರ್ಡಿಗೆ ಕೊಟ್ಟೆ. ಬೋರ್ಡು ನೂರೈವತ್ತರ ಒಳಗೆ ಸಿಕ್ಕಿತು. 1 ಒತ್ತಿದರೆ ಆನ್ ರಿಲೇ (ಕರೆಂಟಿನಿಂದ ನಡೆಯುವ ಸಣ್ಣ ಸ್ವಿಚ್ಚು), ಸ್ಟಾರ್ಟರಿನ ಹಸಿರು ಬಟನ್ನಿಗೆ ಪ್ಯಾರಲಲ್. 2 ಒತ್ತಿದರೆ ಆಫ್ ರಿಲೇ, ಕೆಂಪು ಬಟನ್ನಿಗೆ ಸೀರೀಸ್. ಹೆಡ್‌ಸೆಟ್ ಚುಚ್ಚಿದ ಮೇಲೆ ಸೆಟ್ಟಿಂಗಿನಲ್ಲಿ ಆಟೋಮ್ಯಾಟಿಕ್ ಆನ್ಸರ್ ಆನ್ ಮಾಡಿದರೆ ಐದು ಸೆಕೆಂಡಿಗೆ ಫೋನು ತಾನೇ ಕರೆ ಎತ್ತುತ್ತದೆ. ಒಂದು ವಿಷಯ ಮಾತ್ರ ಗಮನಿಸಿ. ರಿಂಗ್ ಸೈಲೆಂಟ್ ಮಾಡಿದರೆ ಅಥವಾ ಒಂದೇ ಬೀಪ್ ಇಟ್ಟರೆ ಅದು ಎತ್ತುವುದಿಲ್ಲ. ಪಕ್ಕದ ತೋಟದವರು ಸದ್ದು ಕಿರಿಕಿರಿ ಅಂತ ಸೈಲೆಂಟ್ ಮಾಡಿ, ಮೋಟಾರು ಎದ್ದೇಳಲ್ಲ ಅಂತ ನನ್ನನ್ನು ರಾತ್ರಿ ಹತ್ತಕ್ಕೆ ಕರೆಸಿದ್ದರು.

ಕಾಟ ಕೊಟ್ಟಿದ್ದು ಬೇರೆ ಸಂಗತಿಗಳು. ಬೋರ್ಡಿನ ಜೊತೆ ಬರುವ ಸಣ್ಣ ಚೌಕ ರಿಲೇ 250 ವೋಲ್ಟಿಗೆ ಮಾಡಿದ್ದು. ಸ್ಟಾರ್ಟರ್ ಕಾಯಿಲ್ ನಡೆಯುವುದು ಎರಡು ಫೇಸ್ ನಡುವೆ, 415 ವೋಲ್ಟಿನಲ್ಲಿ. ಕೆಲವು ವಾರದಲ್ಲೇ ಆಫ್ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡಿತು. 2 ಎಷ್ಟು ಒತ್ತಿದರೂ ಮೋಟಾರು ನಿಲ್ಲಲಿಲ್ಲ, ಓಡಿಹೋಗಿ ಕೈಯಲ್ಲಿ ಆಫ್ ಮಾಡಬೇಕಾಯಿತು. ಈಗ ಸಣ್ಣ ರಿಲೇ ಒಂದು ಕಾಂಟ್ಯಾಕ್ಟರನ್ನು, ಅಂದರೆ ಜಾಸ್ತಿ ವೋಲ್ಟೇಜ್ ತಡೆಯುವ ದೊಡ್ಡ ಸ್ವಿಚ್ಚನ್ನು, ಎಳೆಯುತ್ತದೆ, ಅದು ಸ್ಟಾರ್ಟರನ್ನು ನೋಡಿಕೊಳ್ಳುತ್ತದೆ. ಹಳೇ ಕಾಂಟ್ಯಾಕ್ಟರ್, ಮುನ್ನೂರು ರೂಪಾಯಿ. ಈ ಮುನ್ನೂರು ಉಳಿಸಲು ಹೋಗಬೇಡಿ.

ಇನ್ನೊಂದು ಆ ಗರ್ ಗರ್ ಸದ್ದು. ರೇಡಿಯೋ ಪಕ್ಕದಲ್ಲಿ ಹಳೇ ಫೋನು ಇಟ್ಟರೆ ಕರೆ ಬರುವ ಮೊದಲೇ ಗರ್ ಅನ್ನುತ್ತಿತ್ತಲ್ವಾ, ಅದೇ. 2ಜಿ ಫೋನು ಸೆಕೆಂಡಿಗೆ 217 ಸಲ ತುಂಡು ತುಂಡಾಗಿ ಸಿಗ್ನಲ್ ಕಳಿಸುತ್ತದೆ. ಅದು ನನ್ನ ವೈರಿಗೆ ಸೇರಿ, ಒತ್ತಿದ ನಂಬರು ಬೋರ್ಡಿಗೆ ತಿಳಿಯುತ್ತಿರಲಿಲ್ಲ. ಶೀಲ್ಡ್ ವೈರ್ ಹಾಕಿ, ಫೋನನ್ನು ಬೋರ್ಡಿನಿಂದ ಮೂರಡಿ ದೂರ ಇಟ್ಟ ಮೇಲೆ ನಿಂತಿತು. ಇದಕ್ಕಾಗಿ ಒಂದು ಇಡೀ ತಿಂಗಳು ಒದ್ದಾಡಿದ್ದೇನೆ. ನೀವು ಕರೆ ಮಾಡುವ ಫೋನಿನ ಕಡೆಯೂ ನೋಡಿ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಟೋನನ್ನು ಲಾಂಗ್ ಅಂತ ಇಡಲು ಸೆಟ್ಟಿಂಗ್ ಇದೆ. ಅದನ್ನು ಇಟ್ಟರೆ ಒಂದೇ ಸಲಕ್ಕೆ ಕೇಳಿಸುತ್ತದೆ.

ಬ್ಯಾಟರಿಯೇ ಬೇಡ, ಅಡಾಪ್ಟರಿನಿಂದ ನೇರ ಕೊಡೋಣ ಅಂತ ವೋಲ್ಟೇಜ್ ಇಳಿಸಿ ಒಂದೇ ಸಮ ಇಡುವ ಎಲ್‌ಎಂ317 ಐಸಿ ಹಾಕಿಯೂ ನೋಡಿದೆ. ಸುಮ್ಮನೆ ಇದ್ದಾಗ ಫೋನು ಚೆನ್ನಾಗಿರುತ್ತದೆ, ರಿಂಗ್ ಆದ ಕೂಡಲೇ ಸತ್ತುಹೋಗುತ್ತದೆ. ಸಿಗ್ನಲ್ ಕಳಿಸುವ ಕ್ಷಣದಲ್ಲಿ ಅದು ಎಳೆಯುವ ಕರೆಂಟು ಅಷ್ಟು ಜಾಸ್ತಿ. ದೊಡ್ಡ ಕೆಪಾಸಿಟರ್ ಇಟ್ಟರೆ ನಡೆಯಿತು, ಆದರೆ ಕರೆಂಟ್ ಹೋದರೆ ಫೋನೂ ಹೋಗುತ್ತದೆ, ವಾಪಸ್ ಆನ್ ಮಾಡಲು ಯಾರಾದರೂ ಬೇಕು. ಕೈಬಿಟ್ಟೆ. ಈ ಫೋನಿನದೇ ಬಿಎಲ್-5ಸಿ ಬ್ಯಾಟರಿಯೇ ಸರಿ. ಆದರೆ ಡೂಪ್ಲಿಕೇಟ್ ಬ್ಯಾಟರಿ ಒಂದೇ ಬೇಸಿಗೆಯಲ್ಲಿ ಊದಿಕೊಂಡು ಹಿಂದಿನ ಮುಚ್ಚಳ ಕಿತ್ತಿತು. ಶೀಟಿನ ಕೆಳಗಿನ ಬಿಸಿ ನಿಮಗೆ ಗೊತ್ತಲ್ಲ. ತುಂಬಾ ಹಳೇ ಒರಿಜಿನಲ್ಲೂ ಬೇಡ. 2005ರ ಡಿಸೆಂಬರಿನಿಂದ 2006ರ ನವೆಂಬರ್ ತನಕ ತಯಾರಾದ 4.6 ಕೋಟಿ ಬಿಎಲ್-5ಸಿ ಬ್ಯಾಟರಿ ಚಾರ್ಜ್ ಆಗುವಾಗ ಬಿಸಿಯಾಗಬಹುದು ಅಂತ 2007ರಲ್ಲಿ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. ಚಾರ್ಜರ್ ಮಾತ್ರ ದಪ್ಪ ಪಿನ್ನಿನ, ಕೈಯಲ್ಲಿ ಭಾರ ಅನ್ನಿಸುವ ಹಳೇದೇ ಹುಡುಕಿ. ಹಗುರ ಚಾರ್ಜರುಗಳು ನಮ್ಮ ವೋಲ್ಟೇಜಿಗೆ ಒಂದಾದ ಮೇಲೆ ಒಂದು ಸುಟ್ಟವು. ಚಾರ್ಜರನ್ನು ದಿನವಿಡೀ ಆನ್ ಇಡುವುದಿಲ್ಲ. ತ್ರೀ ಫೇಸ್ ಬಂದಾಗ ಮಾತ್ರ ಅದಕ್ಕೆ ಕರೆಂಟು ಹೋಗುವ ಹಾಗೆ ಮಾಡಿದ್ದೇನೆ. ಅದಾದ ಮೇಲೆ ಬ್ಯಾಟರಿ ಊದಿಲ್ಲ.

ಇನ್ನು ನನ್ನ ಹೆಮ್ಮೆಯ ವಿಷಯ. ಹೆಡ್‌ಸೆಟ್ ಚುಚ್ಚಿದರೆ ಫೋನಿನ ಸ್ವಂತ ಮೈಕು ಬಂದ್ ಆಗಿ ವೈರಿನ ಮೈಕು ಕೆಲಸ ಮಾಡುತ್ತದೆ. ಆ ಮೈಕನ್ನು ಉದ್ದ ಮಾಡಿ ತೊಟ್ಟಿಗೆ ನೀರು ಬೀಳುವ ಪೈಪಿನ ಹತ್ತಿರ ಕಟ್ಟಿದೆ. ಈಗ ಕರೆ ಮಾಡಿ 1 ಒತ್ತಿದರೆ ಮೊದಲು ಕಾಂಟ್ಯಾಕ್ಟರಿನ ಟಕ್ ಸದ್ದು, ಒಂದೆರಡು ನಿಮಿಷ ಬಿಟ್ಟು ನೀರು ಬೀಳುವ ಸದ್ದು. ಮನೆಯಲ್ಲಿ ಕೂತೇ ಕೇಳುತ್ತೇನೆ. ನೀರು ತುಂಬಿ ಬೀಳುವ ಸದ್ದು ಬೇರೆ, ಗಾಳಿ ಹೊಡೆಯುವಾಗ ಬುಸ್ ಅನ್ನುವ ಸದ್ದು ಬೇರೆ. ಮಧ್ಯೆ ಕರೆ ಮಾಡಿ ಬುಸ್ ಕೇಳಿಸಿದರೆ 2 ಒತ್ತಿ ನಿಲ್ಲಿಸುತ್ತೇನೆ. ಎರಡು ಗಂಟೆ ಬಿಟ್ಟರೆ ಬೋರಿನಲ್ಲಿ ನೀರು ಮತ್ತೆ ಏರುತ್ತದೆ. ನೀರಿಲ್ಲದಾಗ ಮೋಟಾರನ್ನು ತಾನೇ ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್ ಹಾಕಬಹುದಲ್ವಾ ಅಂತ ಕೇಳುತ್ತೀರಿ. ಹಾಕಿದ್ದೇನೆ, ಈಗಲೂ ಇದೆ. ಆದರೆ ಅದು ಆಂಪಿಯರ್ ನೋಡಿ ತೀರ್ಮಾನ ಮಾಡುತ್ತದೆ. ರಾತ್ರಿ ವೋಲ್ಟೇಜ್ ಏರಿಳಿದರೆ ನೀರಿದ್ದಾಗಲೂ ಟ್ರಿಪ್, ಇಲ್ಲದಿದ್ದಾಗಲೂ ಸುಮ್ಮನೆ. ಕಿವಿಯಷ್ಟು ನಂಬಿಕೆ ಅದರ ಮೇಲಿಲ್ಲ. ಮೈಕು ಕಟ್ಟಿದ ಮೇಲೆ ಒಂದು ಸಲವೂ ಬೋರಿನಿಂದ ಮೋಟಾರು ಎತ್ತಿಲ್ಲ. ಈ ಸುತ್ತಿನಲ್ಲಿ ಹೀಗೆ ಮಾಡಿದವನು ನಾನೇ ಮೊದಲು ಅಂತ ಧೈರ್ಯವಾಗಿ ಹೇಳುತ್ತೇನೆ. ಮೈಕಿಗೆ ನೀರು ಸಿಡಿಯದ ಹಾಗೆ, ಇರುವೆ ಹೋಗದ ಹಾಗೆ ಏನು ಸುತ್ತಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಸಿಗಲು ನನಗೆ ಎರಡು ಮಳೆಗಾಲ ಬೇಕಾಯಿತು.

ಮಧ್ಯೆ ಇನ್ನೊಂದು ಪ್ರಯೋಗ. ತ್ರೀ ಫೇಸ್ ಬಂದರೆ ಫೋನೇ ಮನೆಗೆ ಕರೆ ಮಾಡಬೇಕು ಅಂತ. ಕೀಪ್ಯಾಡ್ ಬಿಚ್ಚಿ, 3ರ ಕಾಂಟ್ಯಾಕ್ಟಿಗೆ ಎರಡು ಸಣ್ಣ ತಂತಿ ಬೆಸುಗೆ ಹಾಕಿ, ರಿಲೇಯಿಂದ ಎರಡು ಮೂರು ಸೆಕೆಂಡು ಒತ್ತಿದ ಹಾಗೆ ಮಾಡಿದೆ. ಸ್ಪೀಡ್ ಡಯಲ್‌ನಲ್ಲಿ ಮನೆ ನಂಬರು. ಕೀಪ್ಯಾಡ್ ಲಾಕ್ ತೆಗೆದಿರಬೇಕು. ಕೆಲಸ ಮಾಡಿತು. ಆದರೆ ರಾತ್ರಿ ಕರೆಂಟ್ ಐದಾರು ಸಲ ಹೋಗಿ ಬಂದರೆ ಅಷ್ಟು ಸಲವೂ ಮನೆ ಫೋನು ಹೊಡೆದುಕೊಳ್ಳುತ್ತಿತ್ತು. ಬಂದ ಕರೆಂಟ್ ಹತ್ತು ನಿಮಿಷ ಹೋಗದೆ ಇದ್ದ ಮೇಲೆ ಮಾತ್ರ ಕರೆ ಹೋಗುವಂತೆ ಟೈಮರ್ ಸೇರಿಸಿದೆ. ಈಗ ಚೆನ್ನಾಗಿದೆ. ಬರೀ ಮಿಸ್ಡ್ ಕಾಲಿಗೆ ಮೋಟಾರು ಎಬ್ಬಿಸುವುದನ್ನೂ ಮಾಡಿ ನೋಡಿದೆ, ಖರ್ಚೇ ಇಲ್ಲ. ಆದರೆ ಯಾರೋ ರಾಂಗ್ ನಂಬರು ಒತ್ತಿದರೂ ಮೋಟಾರು ಎದ್ದಿತು. ಎರಡೇ ದಿನಕ್ಕೆ ಬಿಚ್ಚಿ ಹಾಕಿದೆ.

ದೋಷ ಇಲ್ಲ ಅಂತಲ್ಲ. ಯಾರ ಕರೆ ಬಂದರೂ ಈ ಫೋನು ಎತ್ತುತ್ತದೆ, ಬ್ಲಾಕ್ ಮಾಡುವ ದಾರಿ ಅದರಲ್ಲಿಲ್ಲ. ಸಾಲ ಬೇಕಾ ಅಂತ ಕೇಳುವವರ ಕರೆಯನ್ನೂ ಎತ್ತಿ ನೀರಿನ ಸದ್ದು ಕೇಳಿಸುತ್ತದೆ. ಒಂದೆರಡು ಸಲ ಮಾತಿನ ಸದ್ದನ್ನೇ ಬೋರ್ಡು ನಂಬರು ಅಂದುಕೊಂಡಿತು. ಟೋನ್ ಸ್ವಲ್ಪ ಹೊತ್ತು ಬಿಡದೆ ಕೇಳಿಸಿದರೆ ಮಾತ್ರ ಒಪ್ಪುವಂತೆ ಐಸಿಯ ರೆಸಿಸ್ಟರ್ ಬದಲಾಯಿಸಿದೆ. ಅದರ ಮೇಲೆ ಇನ್ನೊಂದು ಬೀಗ ಇದೆ, ಅದನ್ನು ಬರೆದರೆ ಬೀಗವಾಗಿ ಉಳಿಯುವುದಿಲ್ಲ. ಸಿಮ್ ದೊಡ್ಡ ಸೈಜು. ಈಗಿನ ಸಣ್ಣ ಸಿಮ್ಮಿಗೆ ಅಡಾಪ್ಟರ್ ಹಾಕಿದರೆ ಮೋಟಾರಿನ ಅದುರುವಿಕೆಗೆ ಜಾರುತ್ತದೆ. ಹೊಸ ಸಿಮ್ ತರುವಾಗ ಒಳಗಿನ ಸಣ್ಣ ತುಂಡುಗಳನ್ನು ಮುರಿಯದೆ ಕೊಡಿ ಅಂತ ಕೇಳಿ.

ದೊಡ್ಡ ಖರ್ಚು ರೀಚಾರ್ಜ್. ಎಲ್ಲಾ ಸೇರಿ ಡಬ್ಬಿಗೆ ನನಗೆ ಬಿದ್ದದ್ದು ಎರಡು ಸಾವಿರದ ಒಳಗೆ. ಮೊದಲೆಲ್ಲ ಸಿಮ್ಮಿಗೆ ವರ್ಷಕ್ಕೆ ಏನೂ ಬೀಳುತ್ತಿರಲಿಲ್ಲ, ಒಳಬರುವ ಕರೆ ಪುಕ್ಕಟೆ. ಈಗ ಪ್ಯಾಕ್ ಇಲ್ಲದಿದ್ದರೆ ಒಳಬರುವುದೂ ನಿಲ್ಲುತ್ತದೆ. ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ 2024ರ ಕೊನೆಯಲ್ಲಿ ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಅಂದ ಮೇಲೆ ಸ್ವಲ್ಪ ಅನುಕೂಲವಾಯಿತು, ಬೇಡದ ಡೇಟಾಕ್ಕೆ ದುಡ್ಡು ಕೊಡುವುದು ತಪ್ಪಿತು. ಆದರೂ ವರ್ಷಕ್ಕೆ ಎರಡು ಸಾವಿರದ ಹತ್ತಿರ.

2ಜಿ ಎಷ್ಟು ದಿನ ಇರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಜಿಯೋದಲ್ಲಿ ಮೊದಲಿನಿಂದಲೂ 2ಜಿ ಇಲ್ಲ, ಆ ಸಿಮ್ ಇದಕ್ಕೆ ಆಗುವುದಿಲ್ಲ. ಮಿಕ್ಕವರು ಇನ್ನೂ ನಡೆಸುತ್ತಿದ್ದಾರೆ. ನಿಲ್ಲಿಸಿದರೂ ಹೋಗುವುದು ಫೋನು ಒಂದೇ. ಬೋರ್ಡು, ರಿಲೇ, ಮೈಕು ಹಾಗೇ ಇರುತ್ತವೆ. ತಾನೇ ಕರೆ ಎತ್ತುವ, ಹೆಡ್‌ಸೆಟ್ ತೂತಿರುವ 4ಜಿ ಕೀಪ್ಯಾಡ್ ಫೋನು ಒಂದನ್ನು ಈಗಲೇ ತಂದು ಮನೆಯ ಮೇಲಿನ ತೊಟ್ಟಿಯ ಅರ್ಧ ಎಚ್‌ಪಿ ಮೋಟಾರಿಗೆ ಕಟ್ಟಿದ್ದೇನೆ. ಅಲ್ಲಿ ಚೆನ್ನಾಗಿ ನಡೆಯುತ್ತಿದೆ. ತಗ್ಗಿನ ಮೋಟಾರು ಮನೆಗೆ ಅದನ್ನು ಒಯ್ಯಬೇಕಾದರೆ ಆಂಟೆನಾ ಎತ್ತರಕ್ಕೆ ಕಟ್ಟಬೇಕು. ಅದಕ್ಕೆ ಹಳೇ ಜಿಐ ಪೈಪು ಇಪ್ಪತ್ತಡಿ ತೆಗೆದಿಟ್ಟಿದ್ದೇನೆ.