ಮೂತ್ರದ ಕಾರ್ಟಿಸಾಲ್ ಅಳತೆ: ಪ್ರಯೋಗಾಲಯದಲ್ಲಿ ನನ್ನ ಅನುಭವ

ಮೂತ್ರದಲ್ಲಿರುವ ಮುಕ್ತ ಕಾರ್ಟಿಸಾಲನ್ನು, ಅಂದರೆ ಬೇರೆ ಅಣುಗಳಿಗೆ ಅಂಟಿಕೊಳ್ಳದೆ ಉಳಿದ ಈ ಹಾರ್ಮೋನನ್ನು, ದ್ರವ ಕ್ರೊಮ್ಯಾಟೋಗ್ರಫಿ (ಕಾಲಂ ಎಂಬ ಕೊಳವೆಯಲ್ಲಿ ಹಾಯಿಸಿ ವಸ್ತುಗಳನ್ನು ಬೇರ್ಪಡಿಸುವ ವಿಧಾನ) ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನು ತೂಕದಿಂದ ಗುರುತಿಸುವ ಉಪಕರಣ) ಬಳಸಿ ಅಳೆಯುವುದು ನನ್ನ ನಿತ್ಯದ ಕೆಲಸ. ದೇಹದಲ್ಲಿ ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಸಿಂಡ್ರೋಮಿನ ಶಂಕೆ ಇದ್ದಾಗ ವೈದ್ಯರು ಕೇಳುವ ಪರೀಕ್ಷೆಗಳಲ್ಲಿ ಇದೂ ಒಂದು. ಅಡ್ರಿನಲ್ ಗ್ರಂಥಿಯಿಂದ ಹೊರಬರುವ ಕಾರ್ಟಿಸಾಲ್ ಹೊತ್ತಿನಿಂದ ಹೊತ್ತಿಗೆ ಏರಿಳಿಯುವುದರಿಂದ 24 ಗಂಟೆಗಳ ಮೂತ್ರ ಬೇಕಾಗುತ್ತದೆ: ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಆ ಹೊತ್ತನ್ನು ಬರೆದಿಟ್ಟು, ಮರುದಿನ ಅದೇ ಹೊತ್ತಿನ ಮೂತ್ರವೂ ಸೇರುವಂತೆ ಎಲ್ಲವನ್ನೂ ಒಂದೇ ಕ್ಯಾನಿನಲ್ಲಿ ಸಂಗ್ರಹಿಸಬೇಕು. ಕ್ಯಾನು ಕೈಸೇರಿದೊಡನೆ ಒಟ್ಟು ಪರಿಮಾಣವನ್ನೂ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬರುವ ತ್ಯಾಜ್ಯವಾದ ಕ್ರಿಯಾಟಿನಿನ್ ಪ್ರಮಾಣವನ್ನೂ ನೋಡುತ್ತೇನೆ. ಸಂಗ್ರಹವೇ ಅರೆಬರೆಯಾಗಿದ್ದರೆ, ಉಪಕರಣ ಎಷ್ಟೇ ಸೂಕ್ಷ್ಮವಾಗಿದ್ದರೂ ಬರುವ ಅಂಕಿಯಿಂದ ರೋಗಿಗೆ ಪ್ರಯೋಜನವಿಲ್ಲ.

ಚೆನ್ನಾಗಿ ಕಲಕಿ ತೆಗೆದ ಸ್ಯಾಂಪಲ್ಲಿಗೆ, ಬೇರೇನನ್ನೂ ಮಾಡುವ ಮೊದಲೇ, ನಾಲ್ಕು ಹೈಡ್ರೋಜನ್‌ಗಳ ಜಾಗದಲ್ಲಿ ಡ್ಯೂಟೀರಿಯಂ (ಭಾರ ಹೈಡ್ರೋಜನ್) ಇರುವ ಕಾರ್ಟಿಸಾಲನ್ನು ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ, ಅಂದರೆ ಹೋಲಿಕೆಗೆ ಬೇಕಾದ ಗೊತ್ತಿರುವ ಪ್ರಮಾಣದಲ್ಲಿ, ಸೇರಿಸುತ್ತೇನೆ. ಮುಂದೆ ಎಥೈಲ್ ಅಸಿಟೇಟಿಗೆ ಎಳೆದುಕೊಳ್ಳುವಾಗ, ನೈಟ್ರೋಜನ್ ಹಾಯಿಸಿ ಒಣಗಿಸುವಾಗ ಎಷ್ಟು ಪಾಲು ನಷ್ಟವಾಗುತ್ತದೋ ಅಷ್ಟೇ ಪಾಲು ರೋಗಿಯ ಕಾರ್ಟಿಸಾಲ್, ಸೇರಿಸಿದ ಕಾರ್ಟಿಸಾಲ್ ಎರಡರಲ್ಲಿಯೂ ನಷ್ಟವಾಗುವುದರಿಂದ, ಅವುಗಳ ಅನುಪಾತ ಕೆಡುವುದಿಲ್ಲ. ದೇಹ ಕಾರ್ಟಿಸಾಲ್‌ಗೆ ಅಂಟಿಸುವ ಗ್ಲುಕುರೊನೈಡ್ ಬಂಧವನ್ನು ಬಿಡಿಸುವ ಕಿಣ್ವವನ್ನು ಇಲ್ಲಿ ಬಳಸುವುದಿಲ್ಲ. ನಮಗೆ ಬೇಕಿರುವುದು ಮುಕ್ತ ರೂಪ ಮಾತ್ರ.

ಮಾಸ್ ಸ್ಪೆಕ್ಟ್ರೋಮೀಟರ್ ಇದ್ದ ಮೇಲೆ ಕಾಲಂ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಳ್ಳಬೇಕೇ ಎಂದು ಹೊಸಬರು ಕೇಳುತ್ತಾರೆ. ಖಂಡಿತ ಬೇಕು ಎಂಬುದು ನನ್ನ ಉತ್ತರ. ಕಾರ್ಟಿಸಾಲ್‌ನಿಂದ ದೇಹದಲ್ಲಾಗುವ ಕಾರ್ಟಿಸೋನ್ ಮತ್ತು ಔಷಧಿಯಾಗಿ ಕೊಡುವ ಪ್ರೆಡ್ನಿಸೋಲೋನ್ ಎರಡರ ಅಣುಸೂತ್ರವೂ ಒಂದೇ ಆದ್ದರಿಂದ ತೂಕ ನೋಡಿ ಅವನ್ನು ಬೇರ್ಪಡಿಸಲಾಗದು. ಕಾರ್ಟಿಸಾಲ್ ಅವುಗಳಿಗಿಂತ ಎರಡೇ ಮಾನ ಹೆಚ್ಚು ತೂಗುತ್ತದೆ. ಹಾಗಾಗಿ ಪ್ರೆಡ್ನಿಸೋಲೋನ್ ಮಾತ್ರೆ ನುಂಗುತ್ತಿರುವವರ ಮೂತ್ರದಲ್ಲಿ ಆ ಔಷಧಿ ಹೇರಳವಾಗಿದ್ದರೆ, ಅದರೊಳಗಿನ ಸಹಜ ಭಾರ ಐಸೋಟೋಪುಗಳು ಕಾರ್ಟಿಸಾಲ್‌ನ 363 ತೂಕದ ಅಯಾನಿನ (ವಿದ್ಯುದಾವೇಶ ಪಡೆದ ಅಣುವಿನ) ಜಾಗದಲ್ಲಿಯೇ ಕಾಣಿಸಿಕೊಳ್ಳಬಲ್ಲವು. ನಾವು ಬಳಸುವ ಸಿ-18 ಎಂಬ ಬಗೆಯ ಕಾಲಂನಲ್ಲಿಯೂ ಪ್ರೆಡ್ನಿಸೋಲೋನ್ ಮತ್ತು ಕಾರ್ಟಿಸಾಲ್ ಒಂದರ ಬೆನ್ನಿಗೆ ಒಂದು ಹೊರಬರುತ್ತವೆ. ಆದ್ದರಿಂದ ಆ ಭಾಗದಲ್ಲಿ ಕಾಲಂ ಮೂಲಕ ಹರಿಸುವ ದ್ರಾವಣದಲ್ಲಿ ಮೆಥನಾಲಿನ ಪ್ರಮಾಣವನ್ನು ಬಹಳ ನಿಧಾನವಾಗಿ ಏರಿಸಿ, ಎರಡು ಪೀಕುಗಳ (ವಸ್ತು ಹೊರಬರುವಾಗ ರೇಖೆಯಲ್ಲಿ ಏಳುವ ಶಿಖರಗಳ) ನಡುವೆ ರೇಖೆ ತಳಮುಟ್ಟುವಂತೆ ನೋಡಿಕೊಳ್ಳುತ್ತೇನೆ. ರನ್ನಿನ ಅವಧಿ ಹೆಚ್ಚುತ್ತದೆ, ಹೆಚ್ಚಲಿ.

ಪ್ರತಿ ಪೀಕನ್ನೂ ಕಣ್ಣಾರೆ ನೋಡದೆ ಫಲಿತಾಂಶ ಬಿಡುವುದಿಲ್ಲ. ಪೀಕಿನ ಒಂದು ಬದಿ ಇಳಿಯುತ್ತ ಸಣ್ಣದಾಗಿ ಉಬ್ಬಿಕೊಂಡಿದ್ದರೆ, ಅಥವಾ ಉಪಕರಣದೊಳಗೆ ಕಾರ್ಟಿಸಾಲ್ ಒಡೆದು ಬರುವ 121 ತೂಕದ ತುಣುಕಿಗೂ ಎರಡನೆಯ ತುಣುಕಿಗೂ ಇರುವ ಅನುಪಾತ ಸ್ಟ್ಯಾಂಡರ್ಡಿನಲ್ಲಿ ಕಂಡಂತೆ ಇಲ್ಲದಿದ್ದರೆ, ಅದರಡಿ ಬೇರೇನೋ ಅಡಗಿದೆ ಎಂದೇ ಭಾವಿಸಿ, ರೋಗಿಯ ಔಷಧಿಗಳ ಪಟ್ಟಿ ತರಿಸಿ, ಸ್ಯಾಂಪಲನ್ನು ಮತ್ತೆ ಓಡಿಸುತ್ತೇನೆ.

ವರದಿಯಲ್ಲಿ ಸಾಂದ್ರತೆಯನ್ನು ಒಟ್ಟು ಪರಿಮಾಣದಿಂದ ಗುಣಿಸಿ, 24 ಗಂಟೆಗೆ ಇಷ್ಟು ಮೈಕ್ರೋಗ್ರಾಂ ಎಂದು ಬರೆಯುತ್ತೇನೆ. ನ್ಯಾನೋಮೋಲ್ ಬೇಕೆಂದವರಿಗೆ ಅದನ್ನು 2.76ರಿಂದ ಗುಣಿಸಿ ಕೊಡುತ್ತೇನೆ. ಪ್ರತಿಕಾಯ ಬಳಸುವ ಇಮ್ಯುನೊಅಸ್ಸೇಗಳು ಕಾರ್ಟಿಸಾಲ್‌ನ ಹೋಲಿಕೆಯ ವಸ್ತುಗಳನ್ನೂ ಎಣಿಸಿಬಿಡುವುದರಿಂದ ಅವುಗಳ ಅಂಕಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಹೀಗಾಗಿ ವರದಿಯಲ್ಲಿ ವಿಧಾನದ ಹೆಸರನ್ನೂ ಆ ವಿಧಾನದ್ದೇ ಆದ ಸಹಜ ಮಿತಿಯನ್ನೂ ತಪ್ಪದೆ ನಮೂದಿಸುತ್ತೇನೆ.